ವಿದ್ಯುತ್ ಹ್ಯಾಂಡ್ ಮಿಕ್ಸರ್

ವಿದ್ಯುತ್ ಹ್ಯಾಂಡ್ ಮಿಕ್ಸರ್ ಎಂಬುದು ಕೈಯಲ್ಲಿ ಹಿಡಿದು ಬಳಸುವ, ವಿದ್ಯುತ್ ಮೋಟಾರಿನಿಂದ ನಡೆಯುವ ಅಡುಗೆಮನೆಯ ಉಪಕರಣವಾಗಿದೆ. ಇದರ ಕೆಳಭಾಗಕ್ಕೆ ಜೋಡಿಸಿದ ಎರಡು ಬೀಟರ್‌ಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಿ, ಪಾತ್ರೆಯಲ್ಲಿರುವ ಪದಾರ್ಥಗಳನ್ನು ಬೆರೆಸುತ್ತವೆ ಹಾಗೂ ಅವುಗಳೊಳಗೆ ಗಾಳಿಯನ್ನು ಸೇರಿಸುತ್ತವೆ. ಕೇಕ್, ಬಿಸ್ಕತ್ತು, ಮೆರಾಂಗ್, ಕೆನೆಯ ಐಸಿಂಗ್ ಮೊದಲಾದವುಗಳನ್ನು ಮನೆಯಲ್ಲಿ ತಯಾರಿಸುವವರು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಮಾರಾಟದ ಜಾಹೀರಾತುಗಳಲ್ಲಿ ಈ ಉಪಕರಣದ ವ್ಯಾಟ್ ಸಾಮರ್ಥ್ಯಕ್ಕೆ ಪ್ರಾಮುಖ್ಯ ನೀಡಲಾಗುತ್ತದೆ. ಆದರೆ ಬೇಕಿಂಗ್‌ನ ದೃಷ್ಟಿಯಿಂದ ಅತ್ಯಂತ ಕಡಿಮೆ ವೇಗ, ಸತತವಾಗಿ ಚಾಲನೆಯಲ್ಲಿಡಬಹುದಾದ ಅವಧಿ ಮತ್ತು ಬೀಟರ್‌ಗಳ ರಚನೆ ಇವು ವ್ಯಾಟ್‌ಗಿಂತ ಮುಖ್ಯವಾದ ಅಂಶಗಳಾಗಿವೆ.

ಹೆಸರು ಮತ್ತು ಇತರ ಉಪಕರಣಗಳೊಂದಿಗೆ ವ್ಯತ್ಯಾಸ

ಕನ್ನಡದ ದಿನಬಳಕೆಯಲ್ಲಿ "ಮಿಕ್ಸರ್" ಅಥವಾ "ಮಿಕ್ಸಿ" ಎಂದರೆ ಚಟ್ನಿ, ಮಸಾಲೆ, ಹಿಟ್ಟು ಮುಂತಾದವನ್ನು ರುಬ್ಬುವ ಮಿಕ್ಸರ್ ಗ್ರೈಂಡರ್. ಅದರಲ್ಲಿ ಹರಿತವಾದ ಬ್ಲೇಡ್ ಅತಿ ವೇಗವಾಗಿ ತಿರುಗಿ ಪದಾರ್ಥವನ್ನು ಕತ್ತರಿಸುತ್ತದೆ. ಹ್ಯಾಂಡ್ ಮಿಕ್ಸರಿನ ಬೀಟರ್‌ಗಳಿಗೆ ಹರಿತವಾದ ಅಂಚು ಇರುವುದಿಲ್ಲ. ಅವು ಕತ್ತರಿಸದೆ ಕಲಕುತ್ತವೆ. ಹೆಸರಿನ ಹೋಲಿಕೆಯಿಂದ ಗೊಂದಲಕ್ಕೆ ಎಡೆಮಾಡುವ ಮತ್ತೊಂದು ಉಪಕರಣ ಹ್ಯಾಂಡ್ ಬ್ಲೆಂಡರ್. ಇದು ಕೋಲಿನಾಕಾರದಲ್ಲಿದ್ದು ತುದಿಯಲ್ಲಿ ಚಿಕ್ಕ ಬ್ಲೇಡನ್ನು ಹೊಂದಿರುತ್ತದೆ. ಸೂಪ್, ಬೇಯಿಸಿದ ಬೇಳೆ, ಹಣ್ಣಿನ ತಿರುಳು ಮುಂತಾದವುಗಳನ್ನು ನುಣ್ಣಗೆ ಮಾಡಲು ಇದು ಸೂಕ್ತ. ಬ್ಲೇಡಿನಿಂದ ಕೇಕ್‌ಗೆ ಬೇಕಾದಷ್ಟು ಗಾಳಿಯನ್ನು ಸೇರಿಸಲಾಗದು. ಕೆಲವು ಹ್ಯಾಂಡ್ ಬ್ಲೆಂಡರ್‌ಗಳೊಂದಿಗೆ ಒಂದೇ ತಂತಿ ವಿಸ್ಕ್ ಬರುತ್ತದೆ. ಅದು ಅಲ್ಪ ಪ್ರಮಾಣದ ಕೆನೆ ಅಥವಾ ಮೊಟ್ಟೆಗೆ ಸಾಕಾಗುತ್ತದೆ. ಮೇಜಿನ ಮೇಲೆ ನಿಲ್ಲುವ, ತನ್ನದೇ ಬಟ್ಟಲನ್ನು ಹೊಂದಿರುವ ದೊಡ್ಡ ಯಂತ್ರಕ್ಕೆ ಸ್ಟ್ಯಾಂಡ್ ಮಿಕ್ಸರ್ ಎನ್ನುತ್ತಾರೆ.

ಇತಿಹಾಸ

ತಿರುಗುವ ಭಾಗಗಳುಳ್ಳ ಮೊಟ್ಟೆ ಕಲಕುವ ಸಾಧನಕ್ಕೆ ಅಮೆರಿಕದ ಬಾಲ್ಟಿಮೋರ್ ನಗರದ ರಾಲ್ಫ್ ಕೋಲಿಯರ್ 1856ರಲ್ಲಿ ಪೇಟೆಂಟ್ ಪಡೆದರು. ಇದನ್ನು ಕೈಯಿಂದ ತಿರುಗಿಸಬೇಕಾಗಿತ್ತು. ವಿದ್ಯುತ್ ಮೋಟಾರಿನಿಂದಲೂ ನಡೆಸಬಹುದಾದ ಮಿಕ್ಸರಿಗೆ ರೂಫಸ್ ಈಸ್ಟ್‌ಮನ್ 1885ರಲ್ಲಿ ಪೇಟೆಂಟ್ ಪಡೆದರು. ಹೋಬಾರ್ಟ್ ಕಂಪನಿಯ ಇಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ ಬೇಕರಿಗಳಲ್ಲಿ ಹಿಟ್ಟು ನಾದುವ ಶ್ರಮವನ್ನು ಕಡಿಮೆ ಮಾಡಲು ದೊಡ್ಡ ಸ್ಟ್ಯಾಂಡ್ ಮಿಕ್ಸರನ್ನು ರೂಪಿಸಿದರು. ಇದೇ ಕಂಪನಿಯು 1919ರಲ್ಲಿ ಕಿಚನ್‌ಏಡ್ ಹೆಸರಿನಲ್ಲಿ ಮನೆಬಳಕೆಯ ಮಾದರಿಯನ್ನು ಹೊರತಂದಿತು. ಆ ಯಂತ್ರ ಸುಮಾರು 30 ಕಿಲೋಗ್ರಾಂ ತೂಗುತ್ತಿತ್ತು. ಇವಾರ್ ಜೆಪ್ಸನ್ ವಿನ್ಯಾಸಗೊಳಿಸಿದ, 1930ರಲ್ಲಿ ಮಾರುಕಟ್ಟೆಗೆ ಬಂದ ಸನ್‌ಬೀಮ್ ಮಿಕ್ಸ್‌ಮಾಸ್ಟರ್ ಒಂದರೊಳಗೊಂದು ಹೆಣೆದಂತೆ ತಿರುಗುವ, ಕಳಚಬಹುದಾದ ಎರಡು ಬೀಟರ್‌ಗಳನ್ನು ಹೊಂದಿತ್ತು. ಇಂದಿನ ಹ್ಯಾಂಡ್ ಮಿಕ್ಸರುಗಳಲ್ಲಿಯೂ ಇದೇ ಜೋಡಣೆ ಉಳಿದುಕೊಂಡಿದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕೈಯಲ್ಲಿ ಹಿಡಿಯಬಹುದಾದ ಹಗುರ ಮಾದರಿಗಳು ಜನಪ್ರಿಯವಾದವು.

ರಚನೆ ಮತ್ತು ಕಾರ್ಯವಿಧಾನ

ಹೆಚ್ಚಿನ ಹ್ಯಾಂಡ್ ಮಿಕ್ಸರುಗಳಲ್ಲಿ ಯೂನಿವರ್ಸಲ್ ಮೋಟಾರ್ ಇರುತ್ತದೆ. ಇದು ಗಾತ್ರದಲ್ಲಿ ಚಿಕ್ಕದಾದರೂ ಅತಿ ವೇಗವಾಗಿ ತಿರುಗುತ್ತದೆ. ಮೋಟಾರಿನ ದಂಡದ ಮೇಲೆ ತಿರುಪಿನಂತಹ ಗೇರ್ ಇದ್ದು, ಅದರ ಎರಡು ಪಕ್ಕಗಳಲ್ಲಿ ಒಂದೊಂದು ಹಲ್ಲಿನ ಗಾಲಿ ಇರುತ್ತದೆ. ಈ ಗಾಲಿಗಳು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ತಿರುಪಿನ ಎದುರುಬದುರು ಪಕ್ಕಗಳಲ್ಲಿರುವುದರಿಂದ ಅವು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ.

ಮೋಟಾರನ್ನು ತಂಪಾಗಿಡಲು ಅದೇ ದಂಡಕ್ಕೆ ಒಂದು ಚಿಕ್ಕ ಫ್ಯಾನನ್ನು ಜೋಡಿಸಿರುತ್ತಾರೆ. ಗಟ್ಟಿಯಾದ ಹಿಟ್ಟಿನಲ್ಲಿ ಬೀಟರ್‌ಗಳು ನಿಧಾನವಾದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಬಿಸಿಯಾಗುತ್ತದೆ. ಅದೇ ಸಮಯದಲ್ಲಿ ಫ್ಯಾನ್ ಕೂಡ ನಿಧಾನವಾಗುವುದರಿಂದ ತಂಪು ಕಡಿಮೆಯಾಗುತ್ತದೆ. ಹ್ಯಾಂಡ್ ಮಿಕ್ಸರುಗಳು ಸುಟ್ಟುಹೋಗಲು ಇದು ಒಂದು ಪ್ರಮುಖ ಕಾರಣ.

ಬೇಕಿಂಗ್‌ನಲ್ಲಿ ಪಾತ್ರ

ಹ್ಯಾಂಡ್ ಮಿಕ್ಸರಿನ ಮುಖ್ಯ ಕೆಲಸ ಪದಾರ್ಥಗಳನ್ನು ಬೆರೆಸುವುದಕ್ಕಿಂತ ಹೆಚ್ಚಾಗಿ ಅವುಗಳಲ್ಲಿ ಸಣ್ಣ ಗಾಳಿಗುಳ್ಳೆಗಳನ್ನು ಉಂಟುಮಾಡುವುದು. ಒಲೆಯ ಶಾಖದಲ್ಲಿ ಈ ಗುಳ್ಳೆಗಳು ಹಿಗ್ಗಿ ಕೇಕನ್ನು ಉಬ್ಬಿಸುತ್ತವೆ.

ಬೆಣ್ಣೆ ಮತ್ತು ಸಕ್ಕರೆ: ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಉಜ್ಜಿದಾಗ ಗಾಳಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮಿಶ್ರಣದ ಬಣ್ಣ ಬಿಳಿಯತ್ತ ತಿರುಗುವುದು ಇದರ ಗುರುತು. ಇದಕ್ಕೆ ಬೆಣ್ಣೆಯು ಸುಮಾರು 18–20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕರಾವಳಿ ಅಥವಾ ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಅಡುಗೆಮನೆಯ ಉಷ್ಣತೆ 30 ಡಿಗ್ರಿಯನ್ನು ಮೀರುವುದರಿಂದ, ಹೊರಗಿಟ್ಟ ಬೆಣ್ಣೆ ಕರಗಿ ಗಾಳಿಯನ್ನು ಹಿಡಿಯಲಾರದು. ಎಷ್ಟೇ ಶಕ್ತಿಯುತವಾದ ಮಿಕ್ಸರ್ ಬಳಸಿದರೂ ಈ ಕೊರತೆ ತುಂಬುವುದಿಲ್ಲ.

ಮೊಟ್ಟೆಯ ಬಿಳಿಭಾಗ: ಬೀಟರ್‌ಗಳ ಹೊಡೆತಕ್ಕೆ ಬಿಳಿಭಾಗದ ಪ್ರೋಟೀನ್‌ಗಳು ಬಿಚ್ಚಿಕೊಂಡು ಗುಳ್ಳೆಗಳ ಸುತ್ತ ಪೊರೆಯಾಗುತ್ತವೆ, ನೊರೆಯ ಗಾತ್ರ ಮೂಲದ 6–8 ಪಟ್ಟು ಆಗಬಹುದು. ಪಾತ್ರೆಯಲ್ಲಿ ಅಥವಾ ಬೀಟರಿನಲ್ಲಿ ಜಿಡ್ಡಿನ ಅಂಶ ಉಳಿದಿದ್ದರೆ ನೊರೆ ಸರಿಯಾಗಿ ಏಳುವುದಿಲ್ಲ.

ಕೆನೆ: ಕನಿಷ್ಠ ಶೇಕಡಾ 30ರಷ್ಟು ಕೊಬ್ಬಿರುವ, ಚೆನ್ನಾಗಿ ತಂಪಾಗಿರುವ ಕೆನೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಭಾರತದಲ್ಲಿ ಅಡುಗೆಗೆಂದು ಪೊಟ್ಟಣಗಳಲ್ಲಿ ಮಾರುವ ಶೇಕಡಾ 25ರಷ್ಟು ಕೊಬ್ಬಿನ ಕೆನೆ ಇದಕ್ಕೆ ಒದಗುವುದಿಲ್ಲ. ಮಿತಿಮೀರಿ ಕಲಕಿದರೆ, ಕಡೆಗೋಲಿನಿಂದ ಕಡೆದಾಗ ಆಗುವಂತೆಯೇ, ಕೆನೆ ಒಡೆದು ಬೆಣ್ಣೆ ಬೇರೆಯಾಗುತ್ತದೆ.

ಮೈದಾ ಹಿಟ್ಟು: ಹಿಟ್ಟನ್ನು ಸೇರಿಸಿದ ನಂತರ ಹೆಚ್ಚು ಕಲಕಿದರೆ ಅದರಲ್ಲಿನ ಗ್ಲುಟೆನ್ ಬಲಗೊಂಡು ಕೇಕ್ ಗಡುಸಾಗುತ್ತದೆ. ಆದ್ದರಿಂದ ಈ ಹಂತದಲ್ಲಿ ಅತಿ ಕಡಿಮೆ ವೇಗವನ್ನು ಬಳಸಬೇಕು, ಇಲ್ಲವೇ ಯಂತ್ರವನ್ನು ಬದಿಗಿಟ್ಟು ಸೌಟು ಅಥವಾ ಸ್ಪಾಚುಲಾದಿಂದ ಬೆರೆಸಬೇಕು.

ಆಯ್ಕೆಯ ಮಾನದಂಡಗಳು

ವ್ಯಾಟ್ ಸಾಮರ್ಥ್ಯ

ಪೆಟ್ಟಿಗೆಯ ಮೇಲೆ ನಮೂದಿಸುವ ವ್ಯಾಟ್ ಸಂಖ್ಯೆ ಮೋಟಾರು ಬಳಸುವ ವಿದ್ಯುತ್ತನ್ನು ಸೂಚಿಸುತ್ತದೆಯೇ ಹೊರತು ಬೀಟರ್‌ಗಳಿಗೆ ತಲುಪುವ ಬಲವನ್ನಲ್ಲ. ಅದರ ಒಂದು ಭಾಗ ಶಾಖವಾಗಿ ಮತ್ತು ಗೇರುಗಳ ಘರ್ಷಣೆಯಲ್ಲಿ ನಷ್ಟವಾಗುತ್ತದೆ. ಕೇಕಿನ ಹಿಟ್ಟು, ಕೆನೆ ಹಾಗೂ ಮೊಟ್ಟೆಯ ನೊರೆಗೆ 200–300 ವ್ಯಾಟ್ ಸಾಕಾಗುತ್ತದೆ. ವಿದ್ಯುತ್ ವೆಚ್ಚವೂ ಅತ್ಯಲ್ಪ: 250 ವ್ಯಾಟಿನ ಮಿಕ್ಸರನ್ನು 10 ನಿಮಿಷಗಳಂತೆ 24 ಬಾರಿ ಬಳಸಿದರೆ ಒಂದು ಯೂನಿಟ್ ಖರ್ಚಾಗುತ್ತದೆ.

ವೇಗ

ವೇಗದ ಹಂತಗಳ ಸಂಖ್ಯೆಗಿಂತ ಮೊದಲ ಹಂತ ಎಷ್ಟು ನಿಧಾನವಾಗಿದೆ ಎಂಬುದು ಮುಖ್ಯ. ಮೊದಲ ಹಂತವೇ ವೇಗವಾಗಿದ್ದರೆ ಮೈದಾ, ಕೋಕೋ ಪುಡಿ ಹಾಗೂ ಪುಡಿ ಸಕ್ಕರೆ ಪಾತ್ರೆಯಿಂದ ಹೊರಗೆ ಹಾರುತ್ತವೆ. ಹಿಟ್ಟು ಅಗತ್ಯಕ್ಕಿಂತ ಹೆಚ್ಚು ಕಲಕಲ್ಪಡುತ್ತದೆ. ನಿಧಾನವಾಗಿ ಆರಂಭವಾಗುವ 200 ವ್ಯಾಟಿನ ಮಿಕ್ಸರ್, ವೇಗವಾಗಿಯೇ ಆರಂಭವಾಗುವ 300 ವ್ಯಾಟಿನ ಮಿಕ್ಸರಿಗಿಂತ ಬೇಕಿಂಗ್‌ಗೆ ಹೆಚ್ಚು ಉಪಯುಕ್ತ. "ಟರ್ಬೊ" ಗುಂಡಿ ಅಲ್ಪಕಾಲ ಪೂರ್ಣ ವೇಗವನ್ನು ನೀಡುತ್ತದೆ. ಅದು ಅನಿವಾರ್ಯವಾದ ಸೌಲಭ್ಯವಲ್ಲ.

ಸತತ ಚಾಲನೆಯ ಅವಧಿ

ಯಂತ್ರವನ್ನು ಎಷ್ಟು ನಿಮಿಷ ಸತತವಾಗಿ ನಡೆಸಬಹುದು ಎಂಬುದನ್ನು ಬಳಕೆಯ ಕೈಪಿಡಿಯಲ್ಲಿ ತಿಳಿಸಿರುತ್ತಾರೆ. ಕೆಲವು ಮಾದರಿಗಳಲ್ಲಿ ಇದನ್ನು ತಳದ ಫಲಕದ ಮೇಲೆ "ಕೆಬಿ" ಎಂಬ ಅಕ್ಷರಗಳೊಂದಿಗೆ ಮುದ್ರಿಸಿರುತ್ತಾರೆ. ಬೇಕಿಂಗ್ ಪುಡಿ ಇಲ್ಲದ ಸ್ಪಂಜ್ ಕೇಕ್‌ಗೆ ಇಡೀ ಮೊಟ್ಟೆ ಮತ್ತು ಸಕ್ಕರೆಯನ್ನು 8–10 ನಿಮಿಷ ಕಲಕಬೇಕಾಗಬಹುದು. ಕೇವಲ 2–3 ನಿಮಿಷಗಳ ಮಿತಿಯಿರುವ ಯಂತ್ರವನ್ನು ಇದಕ್ಕೆ ಬಳಸುವಾಗ ನಡುನಡುವೆ ನಿಲ್ಲಿಸಿ ತಣಿಯಲು ಬಿಡಬೇಕಾಗುತ್ತದೆ. ಖರೀದಿಗೆ ಮುನ್ನ ಗಮನಿಸಬೇಕಾದ, ಆದರೆ ಹಲವರು ಗಮನಿಸದ ಅಂಶ ಇದು.

ಬೀಟರ್‌ಗಳು

ನಡುವೆ ದಂಡವಿಲ್ಲದ ತಂತಿ ಬೀಟರ್‌ಗಳಿಗೆ ಹಿಟ್ಟು ಕಡಿಮೆ ಅಂಟುತ್ತದೆ ಹಾಗೂ ತೊಳೆಯುವುದು ಸುಲಭ. ನಡುದಂಡವಿರುವ ಪಟ್ಟಿ ಬೀಟರ್‌ಗಳು ದಪ್ಪ ಮಿಶ್ರಣದಲ್ಲಿ ಬಾಗುವುದಿಲ್ಲ, ಆದರೆ ದಂಡದ ಸುತ್ತ ಬೆಣ್ಣೆ ಸಿಕ್ಕಿಕೊಳ್ಳುತ್ತದೆ. ಕ್ರೋಮ್ ಲೇಪನ ಕಾಲಕ್ರಮೇಣ ಏಳಬಹುದಾದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಬೀಟರ್‌ಗಳು ಉತ್ತಮ. ಒಂದು ಬೀಟರಿನ ಬುಡದಲ್ಲಿ ಬಳೆಯಂತಹ ಅಂಚಿದ್ದರೆ ಅದನ್ನು ನಿಗದಿತ ರಂಧ್ರದಲ್ಲಿಯೇ ಕೂರಿಸಬೇಕು. ಬಿಡಿ ಬೀಟರ್‌ಗಳು ಪ್ರತ್ಯೇಕವಾಗಿ ದೊರೆಯುತ್ತವೆಯೇ ಎಂಬುದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ತೂಕ ಮತ್ತು ಹಿಡಿ

ಹಲವು ಮಾದರಿಗಳು ಸುಮಾರು 1 ಕಿಲೋಗ್ರಾಂ ತೂಗುತ್ತವೆ. ಹತ್ತು ನಿಮಿಷ ಹಿಡಿದಾಗ ಈ ತೂಕ ಮಣಿಕಟ್ಟಿಗೆ ಆಯಾಸವನ್ನುಂಟುಮಾಡಬಹುದು. ಅಂಗಡಿಯಲ್ಲಿ ಯಂತ್ರವನ್ನು ಬಟ್ಟಲಿನ ಎತ್ತರದಲ್ಲಿ ಹಿಡಿದು, ಅದೇ ಕೈಯ ಹೆಬ್ಬೆರಳಿನಿಂದ ವೇಗದ ಗುಂಡಿಯನ್ನು ಬದಲಿಸಲು ಸಾಧ್ಯವೇ ಎಂದು ಪರೀಕ್ಷಿಸಬಹುದು. ಸಂಧಿವಾತ ಮೊದಲಾದ ತೊಂದರೆಗಳಿರುವವರಿಗೆ ಈ ಪರೀಕ್ಷೆ ವಿಶೇಷವಾಗಿ ಉಪಯುಕ್ತ.

ವೋಲ್ಟೇಜ್

ಭಾರತದಲ್ಲಿ ಮನೆಗಳ ವಿದ್ಯುತ್ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ತಂದುಕೊಟ್ಟ 120 ವೋಲ್ಟಿನ ಮಿಕ್ಸರನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಪ್ಲಗ್ಗಿನ ಆಕಾರವನ್ನು ಮಾತ್ರ ಹೊಂದಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ. ಸೂಕ್ತ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಅಗತ್ಯ. ಭಾರತದಿಂದ ಒಯ್ದ ಮಿಕ್ಸರ್ ಅಲ್ಲಿ ದುರ್ಬಲವಾಗಿ ತಿರುಗುತ್ತದೆ.

ಅಗತ್ಯಕ್ಕೆ ತಕ್ಕ ಆಯ್ಕೆ

ಎಲ್ಲ ಬಗೆಯ ಬೇಕಿಂಗ್‌ಗೂ ಹ್ಯಾಂಡ್ ಮಿಕ್ಸರ್ ಅಗತ್ಯವಿಲ್ಲ.

• ಮೊಸರು, ಎಣ್ಣೆ ಅಥವಾ ಕಂಡೆನ್ಸ್ಡ್ ಹಾಲು ಬಳಸುವ ಮೊಟ್ಟೆರಹಿತ ಕೇಕ್‌ಗಳು ಅಡುಗೆ ಸೋಡಾ ಮತ್ತು ಬೇಕಿಂಗ್ ಪುಡಿಯಿಂದ ಉಬ್ಬುತ್ತವೆ. ಇವುಗಳಿಗೆ ಕೈ ವಿಸ್ಕ್ ಸಾಕು.
• ಬೆಣ್ಣೆ ಕೇಕ್, ಕುಕಿ, ಕೆನೆಯ ಐಸಿಂಗ್ ಆಗಾಗ ಮಾಡುವವರಿಗೆ ನಿಧಾನ ಆರಂಭದ ಸಾಮಾನ್ಯ ಹ್ಯಾಂಡ್ ಮಿಕ್ಸರ್ ಸೂಕ್ತ.
• ಸ್ಪಂಜ್ ಕೇಕ್ ಮತ್ತು ಮೆರಾಂಗ್ ಮಾಡುವವರು ಹೆಚ್ಚು ಅವಧಿಯ ಸತತ ಚಾಲನೆಗೆ ಅವಕಾಶವಿರುವ, ತಂತಿ ಬೀಟರ್‌ಗಳುಳ್ಳ ಮಾದರಿಯನ್ನು ಆರಿಸಬೇಕು.
• ಪ್ರತಿ ವಾರ ಬ್ರೆಡ್, ಬನ್ ಮಾಡುವವರಿಗೆ ಸ್ಟ್ಯಾಂಡ್ ಮಿಕ್ಸರ್ ಅಥವಾ ಕೈಯಿಂದ ನಾದುವುದೇ ಸರಿಯಾದ ಮಾರ್ಗ.

ಮಿತಿಗಳು

ಅನೇಕ ಮಾದರಿಗಳೊಂದಿಗೆ ಸುರುಳಿಯಾಕಾರದ ಹಿಟ್ಟಿನ ಕೊಕ್ಕೆಗಳು ದೊರೆಯುತ್ತವೆ. ಇವು ಅಲ್ಪ ಪ್ರಮಾಣದ ಮೆದು ಹಿಟ್ಟಿಗೆ ಮಾತ್ರ ಉಪಯುಕ್ತ. ಚಪಾತಿ ಹಿಟ್ಟು, ಹೋಳಿಗೆಯ ಕಣಕ ಅಥವಾ ಬ್ರೆಡ್ಡಿನ ಗಟ್ಟಿ ಹಿಟ್ಟನ್ನು ನಾದಲು ಬಳಸಿದರೆ ಮೋಟಾರಿಗೂ ಗೇರಿಗೂ ಹಾನಿಯಾಗುವ ಸಾಧ್ಯತೆ ಹೆಚ್ಚು. ಕೊಕ್ಕೆಗಳು ಜೊತೆಗೆ ಬಂದಿವೆ ಎಂಬುದು ಗಟ್ಟಿ ಹಿಟ್ಟನ್ನು ನಾದುವ ಸಾಮರ್ಥ್ಯದ ಪುರಾವೆಯಲ್ಲ.

ಸುರಕ್ಷತೆ ಮತ್ತು ನಿರ್ವಹಣೆ

ಬೀಟರ್‌ಗಳನ್ನು ಜೋಡಿಸುವ ಅಥವಾ ಕಳಚುವ ಮುನ್ನ ಪ್ಲಗ್ಗನ್ನು ತೆಗೆಯಬೇಕು. ತಿರುಗುತ್ತಿರುವ ಬೀಟರ್‌ಗಳಿಗೆ ಸೆರಗು, ಸಡಿಲ ಕೂದಲು ಮತ್ತು ಬಳೆಗಳು ಸಿಲುಕದಂತೆ ಎಚ್ಚರ ವಹಿಸಬೇಕು. ಪಾತ್ರೆಯ ಅಂಚನ್ನು ಕೆರೆಯಲು ಯಂತ್ರವನ್ನು ನಿಲ್ಲಿಸಬೇಕು. ಯಂತ್ರವನ್ನು ಚಾಲನೆ ಮಾಡುವ ಮೊದಲು ಬೀಟರ್‌ಗಳನ್ನು ಮಿಶ್ರಣದಲ್ಲಿ ಮುಳುಗಿಸಿ, ನಿಲ್ಲಿಸಿದ ನಂತರವೇ ಮೇಲೆತ್ತಿದರೆ ಮಿಶ್ರಣ ಸಿಡಿಯುವುದಿಲ್ಲ. ಒಂದು ಚೌಕದೊಳಗೆ ಮತ್ತೊಂದು ಚೌಕವಿರುವ ಚಿಹ್ನೆಯು ಉಪಕರಣಕ್ಕೆ ಎರಡು ಪದರದ ವಿದ್ಯುತ್ ನಿರೋಧಕವಿದೆ ಎಂಬುದನ್ನು ಸೂಚಿಸುತ್ತದೆ. ಇಂತಹ ಉಪಕರಣಗಳಿಗೆ ಭೂಸಂಪರ್ಕದ ತಂತಿ ಇರುವುದಿಲ್ಲ.

ಬೀಟರ್‌ಗಳನ್ನು ನೀರಿನಲ್ಲಿ ತೊಳೆದು ಒರೆಸಬಹುದು. ಮೋಟಾರಿನ ಭಾಗವನ್ನು ಎಂದಿಗೂ ನೀರಿನಲ್ಲಿ ಅದ್ದಬಾರದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಗಾಳಿಯಾಡುವ ಸೀಳುಗಳಲ್ಲಿ ಕುಳಿತ ಹಿಟ್ಟಿನ ಧೂಳನ್ನು ಒಣ ಕುಂಚದಿಂದ ತೆಗೆಯಬೇಕು. ಯೂನಿವರ್ಸಲ್ ಮೋಟಾರಿನ ಕಾರ್ಬನ್ ಬ್ರಷ್‌ಗಳು ಸವೆಯುವ ಭಾಗಗಳಾಗಿವೆ. ಯಂತ್ರ ತಡೆತಡೆದು ನಡೆಯುವುದು ಅಥವಾ ಸೀಳುಗಳಲ್ಲಿ ಹೆಚ್ಚಿನ ಕಿಡಿ ಕಾಣಿಸುವುದು ಅವು ಸವೆದಿರುವುದರ ಲಕ್ಷಣವಾಗಿರಬಹುದು. ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ, ಪೂರ್ತಿ ತಣಿದ ನಂತರ ದುರಸ್ತಿ ಮಾಡುವವರಿಗೆ ತೋರಿಸುವುದು ಸೂಕ್ತ.

ಇವನ್ನೂ ನೋಡಿ

• ಮಿಕ್ಸರ್ ಗ್ರೈಂಡರ್
• ಕಡೆಗೋಲು
• ಕೇಕ್
• ಗ್ಲುಟೆನ್
• ವಿದ್ಯುತ್ ಮೋಟಾರ್