ಬಾಗಿಲು ಹಾಕುವ ಮುನ್ನ ಒಂದು ನಕಲು: ಗಣಕಯಂತ್ರದ ನಿತ್ಯ ಕೆಲಸಗಳಿಗೆ ವೇಳಾಪಟ್ಟಿ

ಕಿರ್ದಿ-ಖಾತೆ ಪುಸ್ತಕಗಳ ಕಾಲದಲ್ಲಿ ವರ್ತಕರು ರಾತ್ರಿ ಅಂಗಡಿಯ ಬಾಗಿಲು ಹಾಕುವ ಮುನ್ನ ಅಖೈರು ಶಿಲ್ಕನ್ನು ತಾಳೆ ನೋಡಿ, ಪುಸ್ತಕಗಳನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಇಂದು ಬಿಲ್ಲು, ದಾಸ್ತಾನು, ಬರಬೇಕಾದ ಬಾಕಿ, ತೆರಿಗೆಯ ವಿವರ ಎಲ್ಲವೂ ಮೇಜಿನ ಕೆಳಗಿನ ಒಂದು ಹಾರ್ಡ್‌ಡಿಸ್ಕಿನಲ್ಲಿವೆ. ಅದು ಕೆಟ್ಟ ದಿನ ಯಾರಿಂದ ಎಷ್ಟು ಬರಬೇಕೆಂಬುದೇ ತಿಳಿಯದಂತಾಗುತ್ತದೆ.

ಬ್ಯಾಕಪ್ ತೆಗೆಯಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದು ಗುಮಾಸ್ತರ ನೆನಪನ್ನು ಅವಲಂಬಿಸಿದೆ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವಾದ 11ನೇ ತಾರೀಖು, 3-ಬಿಯ ಗಡುವಾದ 20ನೇ ತಾರೀಖು ಸಮೀಪಿಸಿದಂತೆ ನಮೂದುಗಳು ಹೆಚ್ಚುತ್ತವೆ. ಬ್ಯಾಕಪ್ ಮರೆತುಹೋಗುವುದೂ ಅದೇ ದಿನಗಳಲ್ಲಿ. ಈ ಕೆಲಸವನ್ನು ನೆನಪಿನಿಂದ ಬಿಡಿಸಿ ಗಡಿಯಾರಕ್ಕೆ ಒಪ್ಪಿಸುವುದೇ ವೇಳಾಪಟ್ಟಿಯ ಉದ್ದೇಶ.

ಕಾನೂನಿನ ಹೊಣೆ

ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದು 57ನೇ ನಿಯಮವು ಹೇಳುತ್ತದೆ. ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳಿಗೆ ನಿಯಮ ಇನ್ನೂ ಬಿಗಿ: ಭಾರತದಲ್ಲಿರುವ ಸರ್ವರಿನಲ್ಲಿ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಇರಬೇಕೆಂದು 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾಗಿದೆ.

ಯಂತ್ರದೊಳಗಿನ ಗುಮಾಸ್ತ

ವಿಂಡೋಸ್ ಗಣಕಯಂತ್ರಗಳಲ್ಲಿ ‘ಟಾಸ್ಕ್ ಶೆಡ್ಯೂಲರ್’ ಎಂಬ ತಂತ್ರಾಂಶವು ಮೊದಲೇ ಅಡಕವಾಗಿರುತ್ತದೆ. ಇದಕ್ಕಾಗಿ ಪ್ರತ್ಯೇಕ ಹಣ ತೆರಬೇಕಾಗಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಅದರ ಹೆಸರನ್ನು ಬೆರಳಚ್ಚಿಸಿ ತೆರೆದು, ‘ಕ್ರಿಯೇಟ್ ಬೇಸಿಕ್ ಟಾಸ್ಕ್’ ಆರಿಸಿದರೆ ಅದು ಮೂರು ವಿಷಯಗಳನ್ನು ಕೇಳುತ್ತದೆ: ಕೆಲಸದ ಹೆಸರೇನು, ಯಾವಾಗ ನಡೆಯಬೇಕು, ಯಾವ ಪ್ರೋಗ್ರಾಮ್ ಓಡಬೇಕು. ಕಡತಗಳನ್ನು ನಕಲು ಮಾಡಲು ವಿಂಡೋಸ್‌ನಲ್ಲೇ ಇರುವ ‘ರೋಬೋಕಾಪಿ’ ಎಂಬ ಆಜ್ಞೆ ಸಾಕಾಗುತ್ತದೆ.

ಎಲ್ಲ ಕೆಲಸಕ್ಕೂ ಹೊಸ ವೇಳಾಪಟ್ಟಿ ಬೇಕಿಲ್ಲ. ವಿಂಡೋಸ್ 8ರಿಂದೀಚೆಗೆ ಡಿಸ್ಕನ್ನು ಸುಸ್ಥಿತಿಯಲ್ಲಿಡುವಂತಹ ನಿರ್ವಹಣೆ ತಾನಾಗಿಯೇ ನಡೆಯುತ್ತದೆ. ಅದಕ್ಕೆ ಮೊದಲೇ ನಿಗದಿಯಾದ ವೇಳೆ ಬೆಳಗಿನ ಜಾವ 2 ಗಂಟೆ. ಆ ವೇಳೆ ತಪ್ಪಿದರೆ ಯಂತ್ರವು ಬಿಡುವಾಗಿರುವಾಗ ಕೆಲಸ ನಡೆಯುತ್ತದೆ. ಹಳೆಯ ರೂಢಿಯಂತೆ ವಾರವಾರ ಕೈಯಾರೆ ಡಿಫ್ರಾಗ್ ಮಾಡಿಸುವ ಅಗತ್ಯವಿಲ್ಲ; ಎಸ್‌ಎಸ್‌ಡಿ ಇರುವ ಯಂತ್ರಗಳಿಗೆ ಅದರಿಂದ ಪ್ರಯೋಜನವೂ ಇಲ್ಲ. ಮಾಲೀಕರು ಗಮನಹರಿಸಬೇಕಾದದ್ದು ಲೆಕ್ಕದ ಬ್ಯಾಕಪ್‌ನ ಕಡೆಗೆ.

ಮೇನ್ ಸ್ವಿಚ್ಚಿನ ಸಮಸ್ಯೆ

ಕಚೇರಿಗಳ ಮಾದರಿಯಲ್ಲಿ ಅನೇಕರು ಬ್ಯಾಕಪ್ಪನ್ನು ನಡುರಾತ್ರಿಗೆ ನಿಗದಿಪಡಿಸುತ್ತಾರೆ. ಆದರೆ ಅಂಗಡಿ, ಕಾರ್ಖಾನೆಗಳಲ್ಲಿ ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವುದು ವಾಡಿಕೆ. ನಿದ್ರಾವಸ್ಥೆಯಲ್ಲಿರುವ ಯಂತ್ರವನ್ನು ಟಾಸ್ಕ್ ಶೆಡ್ಯೂಲರ್ ಎಬ್ಬಿಸಬಲ್ಲದು. ವಿದ್ಯುತ್ತೇ ಇಲ್ಲದ ಯಂತ್ರವನ್ನು ಎಬ್ಬಿಸಲಾರದು. ಪಟ್ಟಿಯಲ್ಲಿ ಕೆಲಸದ ಹೆಸರು ಇದ್ದೇ ಇರುತ್ತದೆ, ಕೆಲಸ ಮಾತ್ರ ಒಂದು ದಿನವೂ ನಡೆದಿರುವುದಿಲ್ಲ.

ಇದಕ್ಕೆ ಪರಿಹಾರ ಸರಳ. ಮಧ್ಯಾಹ್ನ 2ಕ್ಕೆ ಊಟಕ್ಕೆ ಏಳುವ, ರಾತ್ರಿ 8.30ಕ್ಕೆ ಬಾಗಿಲು ಹಾಕುವ ಹಾರ್ಡ್‌ವೇರ್ ಅಂಗಡಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ 2.15ಕ್ಕೆ ಒಮ್ಮೆ, 8.15ಕ್ಕೆ ಇನ್ನೊಮ್ಮೆ ನಕಲು ತೆಗೆಯುವಂತೆ ಮಾಡುವುದು ಲೇಸು. ಆ ಹೊತ್ತಿಗೆ ಟ್ಯಾಲಿಯಂತಹ ಲೆಕ್ಕದ ತಂತ್ರಾಂಶವನ್ನು ಮುಚ್ಚಿರಬೇಕು. ತೆರೆದಿರುವಾಗ ತೆಗೆದ ನಕಲು ಅಪೂರ್ಣವಾಗಿರಬಹುದು. ತಪ್ಪಿದ ಕೆಲಸವನ್ನು ಸಾಧ್ಯವಾದೊಡನೆ ನಡೆಸಬೇಕೆಂಬ ಆಯ್ಕೆಯು ‘ಸೆಟ್ಟಿಂಗ್ಸ್’ ಪುಟದಲ್ಲಿದೆ. ಅದಕ್ಕೆ ಗುರುತು ಹಾಕಬೇಕು.

ಲ್ಯಾಪ್‌ಟಾಪ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ವಿದ್ಯುತ್ ಸಂಪರ್ಕವಿದ್ದಾಗ ಮಾತ್ರ ಕೆಲಸ ಆರಂಭಿಸು, ಬ್ಯಾಟರಿಗೆ ಬಂದರೆ ನಿಲ್ಲಿಸು ಎಂಬ ಷರತ್ತುಗಳು ಮೊದಲೇ ಜಾರಿಯಲ್ಲಿರುತ್ತವೆ. ಕರೆಂಟು ಹೋದ ವೇಳೆಗೆ ಸರಿಯಾಗಿ ಬ್ಯಾಕಪ್ ಬಿದ್ದರೆ ಅದು ಸದ್ದಿಲ್ಲದೆ ತಪ್ಪಿಹೋಗುತ್ತದೆ. ಯಾರೂ ಲಾಗಿನ್ ಆಗದಿದ್ದರೂ ಕೆಲಸ ನಡೆಯುವಂತೆ ಪಾಸ್‌ವರ್ಡ್ ಕೊಟ್ಟಿದ್ದಲ್ಲಿ, ಆ ಪಾಸ್‌ವರ್ಡ್ ಬದಲಾದ ದಿನದಿಂದ ಕೆಲಸ ನಿಲ್ಲುತ್ತದೆ.

ಒಂದೇ ನಕಲು ಸಾಲದು

ಪ್ರತಿದಿನ ಒಂದೇ ಫೋಲ್ಡರಿಗೆ ನಕಲು ಮಾಡುತ್ತಿದ್ದರೆ, ಸೋಮವಾರ ಕೆಟ್ಟ ಕಡತವು ಮಂಗಳವಾರ ಒಳ್ಳೆಯ ನಕಲಿನ ಮೇಲೆಯೇ ಕುಳಿತುಬಿಡುತ್ತದೆ. ರೋಬೋಕಾಪಿಯ ‘ಮಿರ್’ ಆಯ್ಕೆಯಂತೂ ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲಿಯೂ ಅಳಿಸುತ್ತದೆ. ಆದ್ದರಿಂದ ವಾರದ ಪ್ರತಿ ದಿನಕ್ಕೂ ಬೇರೆ ಫೋಲ್ಡರ್, ಬೇರೆ ಕೆಲಸ ಇಡುವುದು ಕ್ಷೇಮ.

2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶವು ಹಲವು ದೇಶಗಳ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ತಿದ್ದುಪಡಿ ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ಹೆಚ್ಚಾಗಿ ಬಲಿಯಾದವು. ಬಿಲ್ಲಿಂಗ್ ನಡುವೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆಂದು ಅಪ್‌ಡೇಟನ್ನೇ ನಿಲ್ಲಿಸುವುದು ಸರಿಯಲ್ಲ. ‘ಆಕ್ಟಿವ್ ಅವರ್ಸ್’ನಲ್ಲಿ ವ್ಯಾಪಾರದ ವೇಳೆಯನ್ನು ನಮೂದಿಸಿದರೆ ಆ ತೊಂದರೆ ತಪ್ಪುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಅದನ್ನು ಬಳಸುತ್ತಿರುವವರು ಮುಂದಿನ ದಾರಿಯನ್ನು ಯೋಚಿಸಬೇಕು.

ಇಂತಹ ಕುತಂತ್ರಾಂಶವು ಯಂತ್ರಕ್ಕೆ ಸದಾ ಜೋಡಿಸಿರುವ ಬ್ಯಾಕಪ್ ಡಿಸ್ಕನ್ನೂ ಬಿಡುವುದಿಲ್ಲ. ವಾರಕ್ಕೊಮ್ಮೆಯಾದರೂ ಎರಡನೆಯ ಡಿಸ್ಕಿಗೆ ನಕಲು ತೆಗೆದು, ಅದನ್ನು ಕಳಚಿ ಮನೆಯಲ್ಲಿ ಇಡುವುದು ಅವಶ್ಯ. ಕಳ್ಳತನಕ್ಕೂ ಬೆಂಕಿಗೂ ಇದೇ ರಕ್ಷಣೆ.

ತಾಳೆ ನೋಡುವ ಕೆಲಸ

ಶನಿವಾರ ಐದು ನಿಮಿಷ ಮೀಸಲಿಟ್ಟು ಟಾಸ್ಕ್ ಶೆಡ್ಯೂಲರಿನಲ್ಲಿ ‘ಲಾಸ್ಟ್ ರನ್ ಟೈಮ್’ ಮತ್ತು ‘ಲಾಸ್ಟ್ ರನ್ ರಿಸಲ್ಟ್’ ಅಂಕಣಗಳನ್ನು ನೋಡಬೇಕು. ಸಾಮಾನ್ಯವಾಗಿ ಸೊನ್ನೆ ಎಂದರೆ ಕೆಲಸ ಸರಿಯಾಗಿದೆ. ರೋಬೋಕಾಪಿಯ ರೀತಿ ಬೇರೆ: ಅಲ್ಲಿ 1 ಎಂದರೆ ಕಡತಗಳು ನಕಲಾಗಿವೆ, ಸೊನ್ನೆ ಎಂದರೆ ನಕಲು ಮಾಡಬೇಕಾದದ್ದು ಏನೂ ಇರಲಿಲ್ಲ; 8 ಅಥವಾ ಹೆಚ್ಚು ಬಂದರೆ ದೋಷವಿದೆ. ಇಡೀ ದಿನ ವ್ಯಾಪಾರ ನಡೆದೂ ಸಂಜೆ ಸೊನ್ನೆ ಬಂದಿದ್ದರೆ, ತಪ್ಪಾದ ಫೋಲ್ಡರನ್ನು ನಕಲು ಮಾಡಲಾಗುತ್ತಿದೆಯೇ ಎಂದು ಪರಿಶೀಲಿಸುವುದು ಒಳ್ಳೆಯದು.

ಕೊನೆಯ ಪರೀಕ್ಷೆ ತಿಂಗಳಿಗೊಮ್ಮೆ. ನಕಲನ್ನು ಬೇರೊಂದು ಗಣಕಯಂತ್ರಕ್ಕೆ ಹಾಕಿ ತೆರೆದು, ಅಖೈರು ಶಿಲ್ಕು ಅಂಗಡಿಯ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಎಣಿಸದೆ ಗಲ್ಲೆಗೆ ಹಾಕಿದ ಹಣದಂತೆ. ವೇಳೆಗೆ ಸರಿಯಾಗಿ ದುಡಿಯುವುದು ಯಂತ್ರದ ಕೆಲಸ. ತಾಳೆ ನೋಡುವುದು ಅಂದಿನಂತೆ ಇಂದೂ ಮಾಲೀಕರ ಕೆಲಸವೇ.