ಫಾರ್ಮ್ಯಾಟ್‌ಗೆ ಕೊಡುವ ಮುನ್ನ...

‘ಅಮ್ಮಾ, ಲ್ಯಾಪ್‌ಟಾಪ್ ಓಪನ್ನೇ ಆಗ್ತಿಲ್ಲ!’

ಕುಕ್ಕರ್ ಇನ್ನೂ ಎರಡನೇ ಸೀಟಿ ಕೂಗಿರಲಿಲ್ಲ, ರೂಮಿನಿಂದ ಮಗಳ ಕೂಗು. ಹೋಗಿ ನೋಡಿದರೆ ವಿಂಡೋಸ್ ಚಿಹ್ನೆ ಬರುತ್ತೆ, ಆಮೇಲೆ ಬರೀ ಕಪ್ಪು ಪರದೆ. ಗದರಿಸಿ ಕೇಳಿದ ಮೇಲೆ ಬಾಯಿ ಬಿಟ್ಟಳು. ‘ಕಂಪ್ಯೂಟರ್ ವೇಗ ಹೆಚ್ಚಿಸಿ’ ಅನ್ನೋ ಯಾವುದೋ ಪುಕ್ಕಟೆ ಸಾಫ್ಟ್‌ವೇರನ್ನು ಹಿಂದಿನ ರಾತ್ರಿ ಹಾಕಿಕೊಂಡಿದ್ದಾಳೆ. ಅದು ಇದ್ದಬದ್ದ ಡ್ರೈವರ್‌ಗಳನ್ನೆಲ್ಲ ಬದಲಿಸಿಬಿಟ್ಟಿದೆ. (ಡ್ರೈವರ್ ಅಂದರೆ ಪರದೆ, ಸ್ಪೀಕರ್, ಪ್ರಿಂಟರ್‌ಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂ.)

ರಿಪೇರಿ ಅಂಗಡಿಗೆ ಫೋನ್ ಮಾಡಿದರೆ ಸಿದ್ಧ ಉತ್ತರ: ‘ಫಾರ್ಮ್ಯಾಟ್ ಹೊಡೀಬೇಕು ಮೇಡಂ. ಫೋಟೋ ಗೀಟೋ ಇದ್ರೆ ಹೋಗುತ್ತೆ.’

ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮತ್ತೆಯ ಹಸೆಹಾಡುಗಳ ರೆಕಾರ್ಡಿಂಗ್ ಇದ್ದದ್ದು ಅದೊಂದರಲ್ಲೇ.

ಆಗ ನೆನಪಾದದ್ದು ಸಿಸ್ಟಂ ರಿಸ್ಟೋರ್. ಸಾರಿಗೆ ಉಪ್ಪು ಜಾಸ್ತಿ ಬಿದ್ದರೆ ನೀರು ಸೇರಿಸಿ ಸುಧಾರಿಸಬಹುದೇ ಹೊರತು ಉಪ್ಪು ಹಾಕುವ ಮುಂಚಿನ ಸಾರು ವಾಪಸ್ ಬರಲ್ಲ. ಕಂಪ್ಯೂಟರಿನಲ್ಲಿ ಬರುತ್ತೆ ಕಣ್ರೀ! ಮೈಕ್ರೋಸಾಫ್ಟ್ 2000ದಲ್ಲಿ ವಿಂಡೋಸ್ ಎಂಇ ಜೊತೆ ತಂದ ಈ ಸೌಲಭ್ಯ ವಿಂಡೋಸ್ 11ರಲ್ಲೂ ಇದೆ. ಅಪ್‌ಡೇಟ್‌ಗೋ ಹೊಸ ಡ್ರೈವರ್‌ಗೋ ಮುಂಚೆ ವಿಂಡೋಸ್ ತನ್ನ ಸಿಸ್ಟಂ ಫೈಲು, ಸೆಟ್ಟಿಂಗ್‌ಗಳ ಸ್ಥಿತಿಯನ್ನು ಗುರುತು ಹಾಕಿ ಇಟ್ಟುಕೊಳ್ಳುತ್ತದೆ. ಅದೇ ರಿಸ್ಟೋರ್ ಪಾಯಿಂಟ್. ಎಡವಟ್ಟಾದಾಗ ಆ ಗುರುತಿಗೆ ಹಿಂತಿರುಗಬಹುದು. ನಿಮ್ಮ ಫೋಟೋ, ಪತ್ರ, ಹಾಡುಗಳನ್ನು ಅದು ಮುಟ್ಟುವುದಿಲ್ಲ.

ಸರಿ, ಮಾಡಿದ್ದು ಹೇಗೆ? ಪವರ್ ಬಟನ್ ಒತ್ತಿ, ವಿಂಡೋಸ್ ಚಿಹ್ನೆ ಕಾಣಿಸುತ್ತಲೇ ಅದೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಹೀಗೆ ಎರಡು ಮೂರು ಸಲ ಮಾಡಿದಾಗ ತಾನಾಗಿಯೇ ರಿಪೇರಿ ಪರದೆ ಬಂತು. ಅದರಲ್ಲಿ ಟ್ರಬಲ್‌ಶೂಟ್, ನಂತರ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಸಿಸ್ಟಂ ರಿಸ್ಟೋರ್. ನಾಲ್ಕು ದಿನದ ಹಿಂದಿನ ಒಂದು ಪಾಯಿಂಟ್ ಸಿಕ್ಕಿತು. ಅದನ್ನು ಆರಿಸಿ ನೆಕ್ಸ್ಟ್, ಫಿನಿಶ್ ಒತ್ತಿದೆ. ನಡುವೆ ಆಫ್ ಮಾಡಬಾರದು, ಚಾರ್ಜರ್ ಹಾಕಿಯೇ ಇರಬೇಕು. ಕೆಲವು ಲ್ಯಾಪ್‌ಟಾಪ್‌ಗಳು ಇಲ್ಲಿ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳುತ್ತವೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ, ಗಾಬರಿ ಬೇಡ.

ಅರ್ಧ ಗಂಟೆ ದೇವರ ಮನೆಗೂ ರೂಮಿಗೂ ಓಡಾಡಿದೆ. ಕೊನೆಗೆ ಪರದೆ ಬೆಳಗಿತು. ಅತ್ತೆಯ ದನಿಯೂ ಇತ್ತು!

ನಮ್ಮ ಅದೃಷ್ಟ, ಲ್ಯಾಪ್‌ಟಾಪ್ ತಂದಾಗಲೇ ನಾದಿನಿಯ ಮಗ ಈ ರಕ್ಷಣೆಯನ್ನು ಆನ್ ಮಾಡಿಟ್ಟಿದ್ದ. ಎಷ್ಟೋ ಹೊಸ ಕಂಪ್ಯೂಟರ್‌ಗಳಲ್ಲಿ ಇದು ಆಫ್ ಆಗಿಯೇ ಬರುತ್ತೆ! ಹಾಗಾಗಿ ಇವತ್ತೇ ನೋಡಿ. ಸ್ಟಾರ್ಟ್ ಒತ್ತಿ ‘ರಿಸ್ಟೋರ್ ಪಾಯಿಂಟ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಬರುತ್ತೆ. ಅದನ್ನು ತೆರೆದು ಸಿ ಡ್ರೈವ್ ಆರಿಸಿ, ಕಾನ್ಫಿಗರ್ ಒಳಗೆ ಪ್ರೊಟೆಕ್ಷನ್ ಆನ್ ಮಾಡಿ. ಶೇ 5ರಷ್ಟು ಜಾಗ ಕೊಟ್ಟರೆ ಸಾಕು. ಆಮೇಲೆ ಕ್ರಿಯೇಟ್ ಒತ್ತಿ ಒಂದು ಹೆಸರು ಕೊಡಿ, ಆಯ್ತು. ಏನೇ ಹೊಸದು ಹಾಕುವ ಮುಂಚೆ ಹೀಗೊಂದು ಪಾಯಿಂಟ್ ಮಾಡಿಟ್ಟುಕೊಳ್ಳಿ. ಹಳೆಯ ಪಾಯಿಂಟ್‌ಗಳು ತಾವಾಗಿಯೇ ಅಳಿದುಹೋಗುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 60 ದಿನವೇ ಗರಿಷ್ಠ.

ಆದರೆ ಇದನ್ನೇ ಬ್ಯಾಕಪ್ ಅಂದುಕೊಂಡು ಮೋಸ ಹೋಗಬೇಡಿ. ಡಿಲೀಟ್ ಆದ ಫೋಟೋ ಇದರಿಂದ ಬರಲ್ಲ. ಹಾರ್ಡ್‌ಡಿಸ್ಕೇ ಕೆಟ್ಟರೆ ಪಾಯಿಂಟೂ ಹೋಯ್ತು. ವೈರಸ್‌ಗೂ ಇದು ಮದ್ದಲ್ಲ. ಜೊತೆಗೆ, ಆ ದಿನಾಂಕದ ನಂತರ ಹಾಕಿದ ಸಾಫ್ಟ್‌ವೇರ್‌ಗಳು ಹೋಗಿಬಿಡುತ್ತವೆ. ಯಾವುವು ಅಂತ ಮೊದಲೇ ತಿಳಿಯಲು ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಇದೆ. ಮಗಳ ‘ವೇಗದ’ ಸಾಫ್ಟ್‌ವೇರ್ ಹೀಗೇ ತೊಲಗಿತು, ನಾನೇನೂ ಅಳಲಿಲ್ಲ ಬಿಡಿ.

ಹಸೆಹಾಡುಗಳು ಈಗ ಎರಡು ಪೆನ್‌ಡ್ರೈವ್‌ಗಳಲ್ಲಿವೆ. ಒಂದು ನನ್ನ ಬೀರುವಿನಲ್ಲಿ, ಇನ್ನೊಂದು ಶಿವಮೊಗ್ಗದ ನಾದಿನಿ ಮನೆಯಲ್ಲಿ.