ಲೋಕಾಯುಕ್ತ: ವಿರೋಧದಲ್ಲಿದ್ದಾಗ ಬೇಕು, ಅಧಿಕಾರಕ್ಕೆ ಬಂದರೆ ಬೇಡ!

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಮತ ಕೇರಳದಲ್ಲಿ, ವ್ಯಾಪಾರ ವ್ಯವಹಾರ ಹೆಚ್ಚಾಗಿ ಮಂಗಳೂರಿನಲ್ಲಿ. ಹಾಗಾಗಿ ಎರಡೂ ರಾಜ್ಯಗಳ ರಾಜಕೀಯ ನಮ್ಮ ಅಂಗಡಿಗಳಲ್ಲಿ ದಿನಾ ಚರ್ಚೆಯಾಗುತ್ತದೆ. ಭ್ರಷ್ಟಾಚಾರದ ಮಾತು ಬಂದರೆ ಒಬ್ಬರು ಎಡರಂಗಕ್ಕೆ ಬೈಯುತ್ತಾರೆ, ಇನ್ನೊಬ್ಬರು ಕಾಂಗ್ರೆಸ್ಸಿಗೆ, ಮತ್ತೊಬ್ಬರು ಬಿಜೆಪಿಗೆ. ಆದರೆ ಮಂತ್ರಿಗಳನ್ನೂ ಪ್ರಶ್ನಿಸಬಲ್ಲ ಲೋಕಾಯುಕ್ತಕ್ಕೆ ಈ ಮೂವರೂ ಎಂತ ಮಾಡಿದ್ದಾರೆ ಎಂದು ನೋಡಿದರೆ ಬೈಗುಳವನ್ನು ಸಮನಾಗಿ ಹಂಚಬೇಕಾಗುತ್ತದೆ.

ಮೊದಲು ಕೇರಳದ ವಿಷಯ. ಇಲ್ಲಿನ ಲೋಕಾಯುಕ್ತ ಕಾಯ್ದೆ 1999ರದ್ದು. ಆಗ ಇದ್ದದ್ದು ಇ.ಕೆ. ನಾಯನಾರ್ ಅವರ ಎಡರಂಗ ಸರಕಾರ. ಕಾಯ್ದೆಯ 14ನೇ ವಿಧಿಗೆ ನಿಜವಾದ ಹಲ್ಲು ಇತ್ತು. ಆರೋಪ ಸಾಬೀತಾಗಿ, 'ಇವರು ಹುದ್ದೆಯಲ್ಲಿ ಮುಂದುವರಿಯಬಾರದು' ಎಂದು ಲೋಕಾಯುಕ್ತ ಘೋಷಿಸಿದರೆ ಮಂತ್ರಿ ಕುರ್ಚಿ ಬಿಡಲೇಬೇಕು.

ಆ ಹಲ್ಲು ಕಚ್ಚಿದ್ದು 2021ರ ಎಪ್ರಿಲ್‌ನಲ್ಲಿ. ಅಲ್ಪಸಂಖ್ಯಾತರ ಅಭಿವೃದ್ಧಿ ಹಣಕಾಸು ನಿಗಮದ ಜನರಲ್ ಮ್ಯಾನೇಜರ್ ಹುದ್ದೆಗೆ ಸಂಬಂಧಿಯನ್ನು ನೇಮಿಸಲು ಅರ್ಹತೆಯ ನಿಯಮವನ್ನೇ ಬದಲಿಸಿದರು ಎಂಬ ದೂರಿನಲ್ಲಿ ಸಚಿವ ಕೆ.ಟಿ. ಜಲೀಲ್ ವಿರುದ್ಧ ಲೋಕಾಯುಕ್ತ ತೀರ್ಪು ಕೊಟ್ಟಿತು. ಎಪ್ರಿಲ್ 13ರಂದು ಅವರು ರಾಜೀನಾಮೆ ಕೊಟ್ಟರು. ಇದು ನಮಗೆ ದೂರದ ಸುದ್ದಿ ಅಲ್ಲ. ನಮ್ಮವರು ಸ್ವಉದ್ಯೋಗಕ್ಕೆ, ಮಕ್ಕಳ ಓದಿಗೆ ಸಾಲ ಕೇಳುವ ನಿಗಮ ಅದು.

ಒಂದು ವರ್ಷ ಆಗುವುದರೊಳಗೆ, 2022ರ ಫೆಬ್ರವರಿಯಲ್ಲಿ ಪಿಣರಾಯಿ ವಿಜಯನ್ ಸರಕಾರ ಸುಗ್ರೀವಾಜ್ಞೆ ತಂದಿತು. ಆಗಸ್ಟ್‌ನಲ್ಲಿ ವಿಧಾನಸಭೆ ಮಸೂದೆ ಪಾಸು ಮಾಡಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು, 2024ರ ಫೆಬ್ರವರಿಯಲ್ಲಿ ಅಂಕಿತ ಬಿತ್ತು. ಬದಲಾದದ್ದು ಏನು? ಲೋಕಾಯುಕ್ತದ ಮಾತೇ ಕೊನೆಯಲ್ಲ. ಮುಖ್ಯಮಂತ್ರಿಯ ವಿಷಯದಲ್ಲಿ ವಿಧಾನಸಭೆ, ಮಂತ್ರಿಗಳ ವಿಷಯದಲ್ಲಿ ಮುಖ್ಯಮಂತ್ರಿ, ಶಾಸಕರ ವಿಷಯದಲ್ಲಿ ಸ್ಪೀಕರ್ ತೀರ್ಮಾನಿಸುತ್ತಾರೆ. ವಿಧಾನಸಭೆಯಲ್ಲಿ ಬಹುಮತ ಯಾರದ್ದು? ಆ ಮುಖ್ಯಮಂತ್ರಿಯ ಪಕ್ಷದ್ದೇ ಅಲ್ವಾ! ಪರಿಹಾರ ನಿಧಿ ದುರ್ಬಳಕೆಯ ದೂರೊಂದು ಮುಖ್ಯಮಂತ್ರಿ ವಿರುದ್ಧವೇ ಲೋಕಾಯುಕ್ತದ ಮುಂದೆ ಇದ್ದಾಗ ಈ ತಿದ್ದುಪಡಿ ಬಂತು. ಆ ದೂರು 2023ರಲ್ಲಿ ವಜಾ ಆಯಿತು ಎನ್ನುವುದನ್ನೂ ಹೇಳಬೇಕು.

ಸರಕಾರದ ವಾದವನ್ನೂ ಕೇಳೋಣ. ಜನ ಆರಿಸಿದ ಮಂತ್ರಿಯನ್ನು ಮೇಲ್ಮನವಿಗೆ ಅವಕಾಶವೇ ಇಲ್ಲದೆ ಇಳಿಸುವುದು ಸರಿಯಾ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಜಲೀಲ್ ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಪರಿಹಾರ ಸಿಗಲಿಲ್ಲ. ಅಂದರೆ ಕೋರ್ಟಿನ ಬಾಗಿಲು ಮುಚ್ಚಿರಲಿಲ್ಲ. ಮೇಲ್ಮನವಿ ಬೇಕಿದ್ದರೆ ಹೈಕೋರ್ಟಿಗೆ ಕೊಡಬಹುದಿತ್ತು, ಸ್ವಂತ ಪಕ್ಷದ ಕೈಗೆ ಕೊಡುವ ಅಗತ್ಯ ಇರಲಿಲ್ಲ.

ಇದನ್ನು ವಿರೋಧಿಸಿ ಸಭಾತ್ಯಾಗ ಮಾಡಿದ್ದು ಕಾಂಗ್ರೆಸ್ ನೇತೃತ್ವದ ಯುಡಿಎಫ್. ಸರಿ, ಈಗ ತಲಪಾಡಿ ದಾಟಿ ಕರ್ನಾಟಕಕ್ಕೆ ಬನ್ನಿ. 2011ರಲ್ಲಿ ಸಂತೋಷ್ ಹೆಗ್ಡೆ ಅವರ ಗಣಿ ವರದಿಯಿಂದ ಬಿಜೆಪಿಯ ಯಡಿಯೂರಪ್ಪ ಕುರ್ಚಿ ಬಿಟ್ಟಾಗ ಕಾಂಗ್ರೆಸ್ಸಿಗೆ ಲೋಕಾಯುಕ್ತ ಬಹಳ ಇಷ್ಟವಾಗಿತ್ತು. ಅದೇ ಕಾಂಗ್ರೆಸ್ಸಿನ ಸಿದ್ದರಾಮಯ್ಯ ಸರಕಾರ 2016ರ ಮಾರ್ಚ್‌ನಲ್ಲಿ ಎಸಿಬಿ ಮಾಡಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಆಗ ಬಿಜೆಪಿ ಬೊಬ್ಬೆ ಹಾಕಿತು. 2019ರಲ್ಲಿ ಬಿಜೆಪಿಯೇ ಅಧಿಕಾರಕ್ಕೆ ಬಂತು; ಎಸಿಬಿ ಮಾತ್ರ ಹಾಗೆಯೇ ಮೂರು ವರ್ಷ ನಡೆಯಿತು. ಕೊನೆಗೆ ರದ್ದು ಮಾಡಿದ್ದು ಹೈಕೋರ್ಟ್, 2022ರ ಆಗಸ್ಟ್ 11ರಂದು.

ದಿಲ್ಲಿಯಲ್ಲೂ ಇದೇ ಕಥೆ. ಲೋಕಪಾಲ್ ಕಾಯ್ದೆ 2014ರ ಜನವರಿಯಲ್ಲಿ ಜಾರಿಗೆ ಬಂತು. ವಿರೋಧದಲ್ಲಿದ್ದಾಗ ಅದಕ್ಕಾಗಿ ಗಟ್ಟಿ ದನಿ ಎತ್ತಿದ್ದ ಬಿಜೆಪಿ, ಅಧಿಕಾರಕ್ಕೆ ಬಂದ ಮೇಲೆ ಮೊದಲ ಲೋಕಪಾಲರು ನೇಮಕವಾಗಲು 2019ರ ಮಾರ್ಚ್ ತನಕ ಕಾಯಬೇಕಾಯಿತು. ಸಂಸತ್ತಿನಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕ ಇಲ್ಲ ಎಂಬುದು ಕೊಟ್ಟ ಕಾರಣ.

ಲೆಕ್ಕಪತ್ರ ಕಲಿತವರಿಗೆ ಗೊತ್ತಿರುವ ಸರಳ ನಿಯಮ ಉಂಟು: ಲೆಕ್ಕ ಬರೆದವನೇ ಆಡಿಟ್ ಮಾಡಬಾರದು. ಆಡಿಟರ್ ತಪ್ಪು ತೋರಿಸಿದ ಮೇಲೆ, ಅದನ್ನು ಒಪ್ಪಬೇಕಾ ಬೇಡವಾ ಅಂತ ಕ್ಯಾಶಿಯರನ್ನೇ ಕೇಳಿದರೆ ಅದು ಆಡಿಟ್ ಅಲ್ಲ, ಬರೀ ನಾಟಕ. ನಮ್ಮ ಜಮಾಅತ್ ಕಮಿಟಿಯ ಲೆಕ್ಕದಲ್ಲಿ ನಾವು ಇದನ್ನು ಒಪ್ಪುತ್ತೇವಾ? ಇಲ್ಲ. ಸಾರ್ವಜನಿಕರ ಹಣವೂ ಅಮಾನತ್ ತಾನೆ?

ಹಾಗಾಗಿ ಮತ ಕೇಳಲು ಯಾವ ರಂಗದವರು ಬಂದರೂ, 'ಅವರು ಎಷ್ಟು ತಿಂದರು' ಎಂಬ ಭಾಷಣ ಸಾಕು ಅನ್ನಿ. ಒಂದೇ ಪ್ರಶ್ನೆ ಕೇಳಿ: 14ನೇ ವಿಧಿಯ ಹಲ್ಲನ್ನು ವಾಪಸು ಕೊಡುತ್ತೀರಾ? ಅಂದು ಸಭಾತ್ಯಾಗ ಮಾಡಿದವರಿಗೂ ಇದೇ ಪ್ರಶ್ನೆ. ವಿರೋಧದಲ್ಲಿದ್ದಾಗ ಹೇಳಿದ ಮಾತಿನ ಬೆಲೆ ಗೊತ್ತಾಗುವುದು ಅಧಿಕಾರ ಸಿಕ್ಕಿದ ಮೇಲೆಯೇ.